ಹಾಸನ ಸೀಮೆಯ ಹೆಣ್ಣುಹೆಸರುಗಳು: ರೂಪ, ಅರ್ಥ, ಕಾರಣ

1. ವಿಷಯ ಮತ್ತು ವ್ಯಾಪ್ತಿ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹೆಣ್ಣುಮಕ್ಕಳ ಹೆಸರುಗಳ ರಚನೆಯನ್ನು ಈ ಟಿಪ್ಪಣಿ ಪರಿಶೀಲಿಸುತ್ತದೆ. ಮಗುವಿಗೆ ಹೆಸರು ಹುಡುಕುವವರಿಗಾಗಿ ಅಚ್ಚಾಗುವ ಪುಸ್ತಕಗಳು ಸಾಮಾನ್ಯವಾಗಿ ಒಂದು ಹೆಸರು, ಅದರೆದುರಿಗೆ ಒಂದು ಅರ್ಥ ಎಂಬಂತೆ ಪಟ್ಟಿ ಕೊಡುತ್ತವೆ. ಈ ಪಟ್ಟಿಗಳಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಒಂದಾಗಿಬಿಡುತ್ತವೆ: (ಅ) ಪದದ ನಿಷ್ಪತ್ತಿ, (ಆ) ಆ ಹೆಸರನ್ನು ಇಟ್ಟ ಕಾರಣ, (ಇ) ಆ ರೂಪ ದಾಖಲೆಯಲ್ಲಿ ಕಾಣುವ ಕಾಲ. ಮೊದಲನೆಯದನ್ನು ವ್ಯಾಕರಣ ಮತ್ತು ನಿಘಂಟುಗಳಿಂದ, ಮೂರನೆಯದನ್ನು ಶಾಸನಗಳಿಂದ ತಕ್ಕಮಟ್ಟಿಗೆ ಸ್ಥಾಪಿಸಬಹುದು. ಎರಡನೆಯದಕ್ಕೆ ಆಧಾರ ಬಹುಮಟ್ಟಿಗೆ ಮನೆತನದ ನೆನಪು ಮಾತ್ರ. ಒಂದರ ಆಧಾರದಿಂದ ಇನ್ನೊಂದನ್ನು ಸಾಧಿಸಲು ಬರುವುದಿಲ್ಲ.

ಟಿಪ್ಪಣಿಯ ಪ್ರತಿಪಾದನೆ ಸೀಮಿತವಾದದ್ದು. ಹೊಯ್ಸಳ ಕಾಲದ ಶಾಸನಗಳಲ್ಲಿ ಬರುವ ಹೆಣ್ಣುಹೆಸರುಗಳಲ್ಲಿ ಹೆಚ್ಚಿನವು ಬಳಕೆಯಿಂದ ಹೋಗಿವೆ. ಆದರೆ ಅವುಗಳನ್ನು ಕಟ್ಟಿದ ಕ್ರಮ 20ನೇ ಶತಮಾನದವರೆಗೂ ಉಳಿದು ಬಂದಂತೆ ತೋರುತ್ತದೆ. ಕಡಿತ ಉಂಟಾಗಿರುವುದು ಅದರ ನಂತರದ ಸ್ತರದಲ್ಲಿ.

2. ಆಕರಗಳು ಮತ್ತು ಅವುಗಳ ಮಿತಿ

ಹಳೆಯ ಸ್ತರಕ್ಕೆ ಮುಖ್ಯ ಆಕರ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಶಾಸನಗಳು. ಇವು ‘ಎಪಿಗ್ರಾಫಿಯ ಕರ್ನಾಟಿಕ’ದ ಎರಡನೆಯ ಸಂಪುಟದಲ್ಲಿ ಮೂರು ಬಾರಿ ಪ್ರಕಟವಾಗಿವೆ: 1889ರಲ್ಲಿ ಬಿ. ಎಲ್. ರೈಸ್ ಅವರ ಆವೃತ್ತಿಯಲ್ಲಿ 144, 1923ರಲ್ಲಿ ಆರ್. ನರಸಿಂಹಾಚಾರ್ ಅವರ ಪರಿಷ್ಕೃತ ಆವೃತ್ತಿಯಲ್ಲಿ 500, 1973ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಆವೃತ್ತಿಯಲ್ಲಿ 573 ಶಾಸನಗಳು. ಮೂರರಲ್ಲಿ ಶಾಸನಸಂಖ್ಯೆ ಒಂದೇ ಅಲ್ಲ. ಆವೃತ್ತಿಯನ್ನು ಹೇಳದೆ ಸಂಖ್ಯೆಯನ್ನಷ್ಟೇ ಕೊಡುವ ಉಲ್ಲೇಖಗಳನ್ನು ಎಚ್ಚರದಿಂದ ಬಳಸಬೇಕು. ಜಿಲ್ಲೆಯ ಉಳಿದ ಶಾಸನಗಳು ಮೊದಲು ಐದನೆಯ ಸಂಪುಟವಾಗಿ 1902ರಲ್ಲಿ ಬಂದವು.

ಮಿತಿಗಳು ಮೂರು. ಒಂದು, ಶಾಸನ ಹೆಸರಿಸುವುದು ದಾನ ಕೊಟ್ಟ, ಬಸದಿ ಕಟ್ಟಿಸಿದ, ವ್ರತದಿಂದ ದೇಹ ಬಿಟ್ಟ ಅಥವಾ ಯುದ್ಧದಲ್ಲಿ ಮಡಿದ ಹೆಂಗಸರನ್ನು. ಒಕ್ಕಲು ಮನೆಯ ಹೆಸರುಗಳು ಅದರಲ್ಲಿ ಅಪರೂಪ. ಎರಡು, ಬೆಳಗೊಳದ ಶಾಸನಗಳು ಹೆಚ್ಚಾಗಿ ಜೈನ ಸಮುದಾಯಕ್ಕೆ ಸೇರಿದವು. ಮೂರು, ಶಾಸನ ಸಿಕ್ಕ ಸ್ಥಳವೇ ಹೆಸರಿನ ಸ್ಥಳವಾಗಬೇಕೆಂದಿಲ್ಲ. ಮುಂದಿನ ವಿಭಾಗದ ಮೊದಲ ಉದಾಹರಣೆಯೇ ಇದಕ್ಕೆ ಸಾಕ್ಷಿ.

3. ‘-ಮತಿ’ ಅಂತ್ಯದ ಹೆಸರುಗಳು

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲಿರುವ, ಲಿಪಿಲಕ್ಷಣದಿಂದ ಸುಮಾರು 7–8ನೇ ಶತಮಾನಕ್ಕೆ ಹಾಕಬಹುದಾದ ಕಿರುಶಾಸನಗಳಲ್ಲಿ ನಾಗಮತಿ, ಶಶಿಮತಿ, ರಾಜ್ಞೀಮತಿ, ಅನಂತಾಮತಿ ಎಂಬ ಹೆಸರುಗಳು ಸಿಗುತ್ತವೆ. ಎಲ್ಲರೂ ಗಂತಿಯರು, ಅಂದರೆ ಜೈನ ಸಂನ್ಯಾಸಿನಿಯರು. ನಾಗಮತಿ ಗಂತಿಯನ್ನು ಶಾಸನ ಚಿತ್ತೂರಿನ ಮೌನಿಗುರುವಿನ ಶಿಷ್ಯೆಯೆಂದು ಗುರುತಿಸುತ್ತದೆ. ಆಕೆ ಮೂರು ತಿಂಗಳು ನೋಂತು ಮುಡಿಪಿದ (ವ್ರತದಿಂದ ದೇಹ ಬಿಟ್ಟ) ಜಾಗ ಬೆಳಗೊಳ. ಹೆಸರನ್ನು ಬೆಳಗೊಳದ್ದೆಂದು ಹೇಳಲು ಇಷ್ಟು ಸಾಲದು.

ಈ ಹೆಸರುಗಳು ತೊಟ್ಟಿಲಲ್ಲಿ ಇಟ್ಟವೇ ದೀಕ್ಷೆಯಲ್ಲಿ ಬಂದವೇ ಎಂಬುದನ್ನು ಶಾಸನ ಹೇಳುವುದಿಲ್ಲ. ‘-ಮತಿ’ ಸಂಸ್ಕೃತದ ಸ್ತ್ರೀಲಿಂಗ ಪ್ರತ್ಯಯ. ನಾಲ್ಕು ಹೆಸರುಗಳಲ್ಲೂ ಅದೇ ಇರುವುದು ದೀಕ್ಷಾನಾಮದ ಕಡೆಗೆ ವಾಲುತ್ತದೆ. ಆದರೆ 12ನೇ ಶತಮಾನದಲ್ಲಿ ಗೃಹಿಣಿಯರ ಹೆಸರುಗಳಲ್ಲೂ ಅದು ಕಾಣುವುದರಿಂದ (ಲಕ್ಷ್ಮೀಮತಿ, ದೇಮತಿ) ಈ ವಾದವನ್ನು ಹೆಚ್ಚು ಎಳೆಯುವಂತಿಲ್ಲ.

4. ಹೊಯ್ಸಳ ಕಾಲ: ಪ್ರಕೃತಿ ಸ್ಥಿರ, ಅಂತ್ಯ ಚಲ

4.1. 12ನೇ ಶತಮಾನದ ಹೆಸರುಗಳು ಬಹುಮಟ್ಟಿಗೆ ಎರಡು ಭಾಗಗಳಾಗಿ ಒಡೆಯುತ್ತವೆ: ಒಂದು ಚಿಕ್ಕ ಪ್ರಕೃತಿ, ಅದಕ್ಕೆ ಹೆಣ್ತನವನ್ನೋ ಗೌರವವನ್ನೋ ಸೂಚಿಸುವ ಒಂದು ಅಂತ್ಯ. ಪ್ರಕೃತಿ ಗಂಡುಹೆಸರಿನಲ್ಲೂ ಬರುವಂಥದೇ. ಹೊಯ್ಸಳ ದೊರೆ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ತಂದೆ ಏಚ. ವಿಷ್ಣುವರ್ಧನನ ತಾಯಿ ಏಚಲದೇವಿ. ಮಾಚ ಗಂಡುಹೆಸರು; ವಿಷ್ಣುವರ್ಧನನ ರಾಣಿ ಶಾಂತಲೆಯ ತಾಯಿ ಮಾಚಿಕಬ್ಬೆ. ಬಮ್ಮ ಗಂಡುಹೆಸರು; ವಿಷ್ಣುವರ್ಧನನ ಇನ್ನೊಬ್ಬ ರಾಣಿ ಬಮ್ಮಲದೇವಿ. ನಾಗ–ನಾಗಲೆ, ಕೇತ–ಕೇತಲದೇವಿ ಇದೇ ಬಗೆಯವು. ಇವರೆಲ್ಲ ಒಂದೇ ಮನೆತನದವರಲ್ಲ. ಆದ್ದರಿಂದ ಇದನ್ನು ತಂದೆಯ ಹೆಸರನ್ನು ಮಗಳಿಗೆ ಇಟ್ಟ ಪದ್ಧತಿ ಎನ್ನುವುದಕ್ಕಿಂತ, ಗಂಡಿಗೂ ಹೆಣ್ಣಿಗೂ ಸಮಾನವಾಗಿದ್ದ ಪ್ರಕೃತಿಗಳ ಸಂಗ್ರಹ ಎನ್ನುವುದು ಸರಿ.

4.2. ಅಂತ್ಯಗಳಲ್ಲಿ ಮುಖ್ಯವಾದವು -ಅಬ್ಬೆ/-ಅವ್ವೆ (ಮಾಚಿಕಬ್ಬೆ, ಪೋಚಿಕಬ್ಬೆ), -ಅಕ್ಕ (ದೇಮಿಯಕ್ಕ), -ಲೆ (ನಾಗಲೆ, ಲಕ್ಕಲೆ). ‘ಅಬ್ಬೆ’ ತಾಯಿ, ‘ಅಕ್ಕ’ ಹಿರಿಯ ಸೋದರಿ. ಹೆಸರಿನ ಕೊನೆಯಲ್ಲಿ ಎರಡೂ ಬಂಧುತ್ವವನ್ನಲ್ಲ, ಗೌರವವನ್ನು ಸೂಚಿಸುತ್ತವೆ. ‘-ಲೆ’ಯನ್ನು ವಾತ್ಸಲ್ಯಸೂಚಕವೆಂದೂ ಬರಿಯ ಸ್ತ್ರೀಲಿಂಗಸೂಚಕವೆಂದೂ ವಿವರಿಸಬಹುದು, ಶಾಸನಪ್ರಯೋಗಗಳು ಎರಡಕ್ಕೂ ಎಡೆಗೊಡುತ್ತವೆ.

4.3. ಒಬ್ಬಳೇ ವ್ಯಕ್ತಿಗೆ ಅಂತ್ಯ ಬದಲಾಗುತ್ತದೆ. ಗಂಗರಾಜನ ಹೆಂಡತಿ ಲಕ್ಷ್ಮೀಮತಿಯೂ ಹೌದು, ಲಕ್ಕಲೆಯೂ ಹೌದು. 1120ರ ಸುಮಾರಿಗೆ ತೀರಿಕೊಂಡ ದೇಮತಿಯೇ ದೇಮಿಯಕ್ಕ. ಗಂಗರಾಜನ ಅಣ್ಣನ ಹೆಂಡತಿ, ಬೊಪ್ಪನ ತಾಯಿ, ಜಕ್ಕಣಬ್ಬೆಯೆಂದೂ ಜಕ್ಕಿಮವ್ವೆಯೆಂದೂ ಕಾಣಿಸಿಕೊಳ್ಳುತ್ತಾಳೆ. ಶಾಸನಗಳ ಪದ್ಯಭಾಗದಲ್ಲಿ ಛಂದಸ್ಸಿನ ಅಗತ್ಯವೂ ಕೆಲಸ ಮಾಡಿರಬಹುದು. ಇದರ ಪರಿಣಾಮ ಗಮನಾರ್ಹ: ಮೇಲ್ರೂಪಗಳನ್ನು ಎಣಿಸಿದರೆ ಹೆಸರುಗಳ ಸಂಖ್ಯೆ ವಾಸ್ತವಕ್ಕಿಂತ ಹೆಚ್ಚಾಗಿ ತೋರುತ್ತದೆ. ಎಣಿಸಬೇಕಾದದ್ದು ಪ್ರಕೃತಿಗಳನ್ನು.

4.4. ಪ್ರಕೃತಿಗಳಲ್ಲಿ ಕೆಲವು ಸ್ಪಷ್ಟ ತದ್ಭವಗಳು: ಲಕ್ಷ್ಮಿ > ಲಕ್ಕ-, ಬ್ರಹ್ಮ > ಬಮ್ಮ-, ಯಕ್ಷ > ಜಕ್ಕ-. ಏಚ, ಮಾಚ, ಪೋಚ ಇವುಗಳಿಗೆ ಇಷ್ಟು ನೇರವಾದ ಮೂಲವನ್ನು ಹೇಳಲು ಬರುವುದಿಲ್ಲ. ಇವಕ್ಕೆ ಪುಸ್ತಕಗಳಲ್ಲಿ ಅರ್ಥ ಕೊಟ್ಟಿದ್ದರೆ ಅದನ್ನು ಊಹೆಯೆಂದೇ ತಿಳಿಯಬೇಕು.

4.5. ಜಕ್ಕಿಮವ್ವೆಯ ಹೆಸರು ಇಂದು ಹೆಣ್ಣುಮಕ್ಕಳಲ್ಲಿ ಬಳಕೆಯಲ್ಲಿಲ್ಲ. ಶ್ರವಣಬೆಳಗೊಳದ ಜಕ್ಕಿಕಟ್ಟೆಯಲ್ಲಿ ಮಾತ್ರ ಅದು ಉಳಿದಿದೆ.

5. ಎರಡು ಹೆಸರುಗಳ ವಿವರ ಪರಿಶೀಲನೆ

5.1. ಆಚಲೆ. ಇಮ್ಮಡಿ ಬಲ್ಲಾಳನ ಮಂತ್ರಿ ಚಂದ್ರಮೌಳಿಯ ಹೆಂಡತಿ 1181ರಲ್ಲಿ ಶ್ರವಣಬೆಳಗೊಳದಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದಳು. ಆಕೆ ಆಚಲದೇವಿ, ಆಚಿಯಕ್ಕ ಎಂಬ ರೂಪವೂ ಇದೆ. ಬಸದಿಗೆ ಜನಬಳಕೆಯಲ್ಲಿರುವ ‘ಅಕ್ಕನ ಬಸದಿ’ ಎಂಬ ಹೆಸರು ಈ ಎರಡನೆಯ ರೂಪದ ಸಂಕ್ಷೇಪ ಎಂಬುದು ಒಪ್ಪಿತ ವಿವರಣೆ.

ಈ ಹೆಸರನ್ನು ಸಂಸ್ಕೃತದ ‘ಅಚಲ’ (ಅಲುಗದ) ಎಂಬುದಕ್ಕೆ ಜೋಡಿಸುವ ಪ್ರಲೋಭನೆ ಸಹಜ. ಅದಕ್ಕೆ ಎರಡು ಅಡ್ಡಿಗಳಿವೆ. ಮೊದಲನೆಯದು, ಆದಿಸ್ವರ ದೀರ್ಘ. ಎರಡನೆಯದು, ‘ಲ’ಕಾರ ಪ್ರಕೃತಿಯ ಭಾಗವಾಗಿದ್ದರೆ ಆಚಿಯಕ್ಕ ಎಂಬ ರೂಪದಲ್ಲಿ ಅದು ಬಿಟ್ಟುಹೋಗಬಾರದಿತ್ತು. ಆಚ- + -ಲೆ, ಆಚಿ- + -ಅಕ್ಕ ಎಂಬ ವಿಭಜನೆ 4.3ರ ಉದಾಹರಣೆಗಳಿಗೆ ಹೊಂದುತ್ತದೆ. ಆದ್ದರಿಂದ ‘ಅಚಲ’ ವ್ಯುತ್ಪತ್ತಿಯನ್ನು ಕೈಬಿಡುವುದು ಹೆಚ್ಚು ಸುರಕ್ಷಿತ.

5.2. ಶಾಂತಲೆ. ವಿಷ್ಣುವರ್ಧನನ ಪಟ್ಟದರಸಿ. ಶ್ರವಣಬೆಳಗೊಳದ ಸವತಿಗಂಧವಾರಣ ಬಸದಿಯನ್ನು 1123ರಲ್ಲಿ ಕಟ್ಟಿಸಿದಳು. 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಬಸದಿಗೆ ಹೆಸರು ಬಂದಿರುವುದು ಆಕೆಯ ಬಿರುದಿನಿಂದ. ಬಿರುದನ್ನು ಹುಟ್ಟುಹೆಸರಿನೊಂದಿಗೆ ಬೆರೆಸಬಾರದು.

‘ಶಾಂತ ಸ್ವಭಾವದವಳು’ ಎಂಬುದು ಹೆಸರಿನ ಪುಸ್ತಕಗಳ ಅರ್ಥ. ವ್ಯಾಕರಣದ ಮಟ್ಟಿಗೆ ಆಕ್ಷೇಪವಿಲ್ಲ: ಶಾಂತ- + -ಲೆ. ಆದರೆ ಇಟ್ಟ ಕಾರಣ ಬೇರೆಯಾಗಿರಬಹುದು. ತಾಯಿ ಮಾಚಿಕಬ್ಬೆ ಜಿನಭಕ್ತೆ; ಹದಿನಾರನೆಯ ತೀರ್ಥಂಕರ ಶಾಂತಿನಾಥ. ಮಗಳು ಕಟ್ಟಿಸಿದ ಬಸದಿಯ ಮೂಲನಾಯಕನೂ ಶಾಂತಿನಾಥನೇ. ಈ ಕೊನೆಯ ಅಂಶವನ್ನು ಸಾಕ್ಷ್ಯವಾಗಿ ಬಳಸುವುದು ಕಷ್ಟ: ಪ್ರೌಢವಯಸ್ಸಿನಲ್ಲಿ ಮಾಡಿಸಿದ ಪ್ರತಿಷ್ಠೆ ತೊಟ್ಟಿಲಿನ ದಿನದ ಉದ್ದೇಶವನ್ನು ಸಾಧಿಸಲಾರದು. ತನ್ನ ಹೆಸರಿಗೆ ಒಪ್ಪುವ ತೀರ್ಥಂಕರನನ್ನು ಆಕೆಯೇ ಆರಿಸಿಕೊಂಡಿರುವುದೂ ಸಾಧ್ಯ.

ಇಂದಿನ ‘ಶಾಂತಲಾ’ ಆಕಾರಾಂತ. ಶಾಸನದ ರೂಪ ಶಾಂತಲೆ ಅಥವಾ ಶಾಂತಲದೇವಿ. ಹಳ್ಳಿಗಳ ಹಿರಿಯ ತಲೆಮಾರಿನಲ್ಲಿ ಎದುರಾಗುವುದು ಶಾಂತಮ್ಮ. ಆದ್ದರಿಂದ ‘ಶಾಂತಲಾ’ವನ್ನು ಹೊಯ್ಸಳ ಕಾಲದಿಂದ ಎಡೆಬಿಡದೆ ಬಂದ ಹೆಸರೆನ್ನುವುದಕ್ಕಿಂತ 20ನೇ ಶತಮಾನದ ಪುನರುಜ್ಜೀವನ ಎನ್ನುವುದು ಯುಕ್ತ. ಕೆ. ವಿ. ಅಯ್ಯರ್ ಅವರ ‘ಶಾಂತಲಾ’, 1983ರಲ್ಲಿ ಮೂರ್ತಿದೇವಿ ಪ್ರಶಸ್ತಿ ಪಡೆದ ಸಿ. ಕೆ. ನಾಗರಾಜರಾವ್ ಅವರ ‘ಪಟ್ಟಮಹಾದೇವಿ ಶಾಂತಲದೇವಿ’ ಕಾದಂಬರಿಗಳು ಇದಕ್ಕೆ ನೆರವಾಗಿರುವ ಸಂಭವವಿದೆ. ಅದೇ ಶಾಸನಗಳಲ್ಲಿರುವ ಮಾಚಿಕಬ್ಬೆ, ನಾಗಲೆ, ದೇಮಿಯಕ್ಕ ಇವುಗಳಿಗೆ ಅಂಥ ಮರುಹುಟ್ಟು ದೊರೆತಿಲ್ಲ. ಮರಳಿ ಬಂದದ್ದು ಸಂಸ್ಕೃತದ ಹೆಸರಿನಂತೆ ಕಿವಿಗೆ ಬೀಳುವ ಒಂದು ಮಾತ್ರ.

6. ‘-ಅಮ್ಮ’ ಅಂತ್ಯದ ಸ್ತರ

6.1. ರಂಗಮ್ಮ, ತಿಮ್ಮಮ್ಮ, ನರಸಮ್ಮ, ನಂಜಮ್ಮ, ನಿಂಗಮ್ಮ, ಭೈರಮ್ಮ, ಚೆನ್ನಮ್ಮ, ಕೆಂಪಮ್ಮ, ಲಕ್ಕಮ್ಮ ಮುಂತಾದವು ಈ ಸೀಮೆಯ ಹಿರಿಯ ತಲೆಮಾರಿನ ಸಾಮಾನ್ಯ ಹೆಸರುಗಳು. ರಚನೆ 4.1ರದೇ: ರಂಗ–ರಂಗಮ್ಮ, ನಂಜ–ನಂಜಮ್ಮ, ಕೆಂಪ–ಕೆಂಪಮ್ಮ. ಹೊಳೆನರಸೀಪುರದ ಲಕ್ಷ್ಮೀನರಸಿಂಹನ ಒಕ್ಕಲಿನಲ್ಲಿ ಗಂಡು ನರಸ, ಹೆಣ್ಣು ನರಸಮ್ಮ. ‘ನರಸಿಂಹನ ತಾಯಿ’ ಎಂದು ಇದನ್ನು ಬಿಡಿಸಬಾರದು. ‘ಅಮ್ಮ’ ಇಲ್ಲಿ ‘ಅಬ್ಬೆ’ಯ ಕೆಲಸವನ್ನೇ ಮಾಡುತ್ತದೆ. ಹಾಗೆಂದು ‘ಅಮ್ಮ’ ‘ಅಬ್ಬೆ’ಯಿಂದ ಹುಟ್ಟಿತೆಂದಲ್ಲ. ಎರಡೂ ಸ್ವತಂತ್ರವಾದ ದ್ರಾವಿಡ ಬಂಧುವಾಚಕಗಳು. ಉತ್ತರ ಕರ್ನಾಟಕದಲ್ಲಿ ಇದೇ ಸ್ಥಾನದಲ್ಲಿ ‘ಅವ್ವ’ ನಿಂತಿದೆ.

ಪ್ರಕೃತಿಯ ಮಟ್ಟದಲ್ಲಿ ನೇರ ಮುಂದುವರಿಕೆ ಕಾಣುವುದು ಕೆಲವೆಡೆ ಮಾತ್ರ: ಲಕ್ಕಲೆ–ಲಕ್ಕಮ್ಮ, ನಾಗಲೆ–ನಾಗಮ್ಮ.

6.2. ಚೆನ್ನಮ್ಮ. ಮೂರು ಮೂಲಗಳು ಸಾಧ್ಯ: ‘ಚೆನ್ನ’ (ಚೆಲುವು) ಎಂಬ ಗುಣವಾಚಕ, ಚೆನ್ನಕೇಶವ ಅಥವಾ ಚೆನ್ನಿಗರಾಯ, ವೀರಶೈವ ಮನೆಗಳಲ್ಲಿ ಚೆನ್ನಬಸವಣ್ಣ ಅಥವಾ ಚೆನ್ನಮಲ್ಲಿಕಾರ್ಜುನ. ಹೆಸರಿನ ರೂಪ ಒಂದೇ ಆದ್ದರಿಂದ ಮನೆದೇವರನ್ನು ತಿಳಿಯದೆ ಕಾರಣವನ್ನು ಹೇಳುವಂತಿಲ್ಲ. ಚನ್ನರಾಯಪಟ್ಟಣ ಎಂಬ ಊರಿನ ಹೆಸರಿನಲ್ಲಿ ‘ಚ’, ಹೆಣ್ಣುಹೆಸರಿನಲ್ಲಿ ಹೆಚ್ಚಾಗಿ ‘ಚೆ’ ಇರುವ ಭೇದ ಬರವಣಿಗೆಯ ರೂಢಿಯದು.

6.3. ಹಾಸನಾಂಬ, ಕೆಂಚಮ್ಮ. ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ, ಆಶ್ವಯುಜದಿಂದ ದೀಪಾವಳಿಯ ಆಸುಪಾಸಿನವರೆಗೆ ಕೆಲವು ದಿನ ಮಾತ್ರ ತೆರೆಯುತ್ತದೆ; ಪೂಜೆ ಸಲ್ಲುವುದು ಹುತ್ತದ ರೂಪಕ್ಕೆ. ‘ಹಸನ್ಮುಖಿ’ಯಿಂದ ಹಾಸನಾಂಬ, ‘ಸಿಂಹಾಸನಪುರ’ದಿಂದ ಹಾಸನ ಎಂಬ ಎರಡು ವಿವರಣೆಗಳು ಪ್ರಚಾರದಲ್ಲಿವೆ. ಎರಡೂ ಸ್ಥಳಪುರಾಣದ ಬಗೆಯವು. ಎರಡೂ ಒಟ್ಟಿಗೆ ನಿಜವಾಗಿರುವುದು ಕಷ್ಟ. ದೇವಿಯಿಂದ ಊರೋ ಊರಿನಿಂದ ದೇವಿಯೋ ಎಂಬುದು ತೀರ್ಮಾನವಾಗದೆ ಹೆಣ್ಣುಹೆಸರಾದ ಹಾಸನಾಂಬಕ್ಕೆ ‘ನಗುಮೊಗದವಳು’ ಎಂದು ಅರ್ಥ ಬರೆಯುವುದು ಅಕಾಲಿಕ.

ಸಪ್ತಮಾತೃಕೆಯರ ಐತಿಹ್ಯದಲ್ಲಿ ಆಲೂರು ತಾಲ್ಲೂಕಿನ ಕೆಂಚಮ್ಮನ ಹೊಸಕೋಟೆಯ ದೇವಿಯನ್ನು ಬ್ರಾಹ್ಮಿಯೆಂದು ಗುರುತಿಸಲಾಗುತ್ತದೆ. ಕೆಂಚ ಎಂದರೆ ಕೆಂಪು ಛಾಯೆಯವನು. ಪುರಾಣದ ಗುರುತು ಪದದ ನಿಷ್ಪತ್ತಿಯನ್ನು ಬದಲಿಸುವುದಿಲ್ಲ.

6.4. ಹೇಮಾವತಿ. ಹೊಳೆನರಸೀಪುರವನ್ನು ಹಾದುಹೋಗುವ, ಗೊರೂರಿನಲ್ಲಿ ಅಣೆಕಟ್ಟಿರುವ ನದಿಯ ಹೆಸರು. ಹೆಣ್ಣುಹೆಸರಾಗಿ ಹೇಮಾವತಿ, ಹೇಮವತಿ ಎಂಬ ಎರಡು ರೂಪಗಳೂ ಇವೆ; ಪಾರ್ವತಿಯನ್ನು ಸೂಚಿಸುವ ಹೈಮವತಿ ಬೇರೆಯದೇ ಪದ. ದೀರ್ಘವಿರುವ ರೂಪ ನದಿಯನ್ನು ಸೂಚಿಸುತ್ತದೆ ಎನ್ನಬಹುದಾದರೂ, ಪದ್ಮಾವತಿಯಲ್ಲಿರುವಂತೆ ‘-ವತಿ’ಗೆ ಮುಂಚೆ ದೀರ್ಘ ಬರುವುದು ಸಂಸ್ಕೃತ ಹೆಸರುಗಳಲ್ಲಿ ಸಾಮಾನ್ಯ. ಅಕ್ಷರವೊಂದರಿಂದಲೇ ನಿರ್ಣಯ ಸಾಧ್ಯವಿಲ್ಲ. ಅರಕಲಗೂಡು ತಾಲ್ಲೂಕಿನ ರಾಮನಾಥಪುರ ಕಾವೇರಿಯ ದಡದಲ್ಲಿದೆ; ಅಲ್ಲಿಯ ಸುಬ್ರಹ್ಮಣ್ಯನ ಸನ್ನಿಧಿಯೂ ಪ್ರಸಿದ್ಧ. ಕಾವೇರಮ್ಮ, ಸುಬ್ಬಮ್ಮ ಎಂಬ ಹೆಸರುಗಳಲ್ಲಿ ಈ ಬಗೆಯ ಸಂದಿಗ್ಧ ಕಡಿಮೆ.

7. ಕಾರಣವೇ ಹೆಸರಾದವು

7.1. ಹರಕೆ. ಇದಕ್ಕೆ ಸ್ಪಷ್ಟ ಉದಾಹರಣೆ ಗಂಡುಮಗುವಿನದು. ಕ್ರಮವನ್ನು ತೋರಿಸುವ ಕಾರಣ ಇಲ್ಲಿ ಕೊಡಲಾಗಿದೆ. ರೈಸ್ ಅವರ ಮೈಸೂರು ಗೆಜೆಟಿಯರ್ ಹೇಳುವಂತೆ, 1600ರ ಸುಮಾರಿಗೆ ಹೊಳೆನರಸೀಪುರದ ಪಾಳೆಯಗಾರ ಲಕ್ಷ್ಮಪ್ಪ ನಾಯಕ ಕೊಳತೂರು ಎಂಬ ಅಗ್ರಹಾರವನ್ನು ವಶಪಡಿಸಿಕೊಂಡು ಮಗನಿಗೆ ಕೊಟ್ಟ. ಚೆನ್ನರಾಯಸ್ವಾಮಿಗೆ ಹೊತ್ತ ಹರಕೆಯಿಂದ ಹುಟ್ಟಿದವನೆಂದು ಆ ಮಗನ ಹೆಸರು ಚೆನ್ನರಾಯ, ಊರು ಚನ್ನರಾಯಪಟ್ಟಣ. ದೇವರಿಂದ ಮಗುವಿಗೆ, ಅಲ್ಲಿಂದ ಊರಿಗೆ ಹೆಸರು ಸಾಗಿದ ದಾಖಲೆಯಿದು. ‘ಚೆಲುವನಾದ ರಾಜ’ ಎಂಬ ಪದಾರ್ಥ ಇದರಲ್ಲಿ ಯಾವುದನ್ನೂ ತಿಳಿಸುವುದಿಲ್ಲ.

7.2. ರಕ್ಷೆಯ ಹೆಸರುಗಳು. ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ ಮುಂದಿನದಕ್ಕೆ ದೃಷ್ಟಿ ತಾಕದಂಥ ಹೆಸರಿಡುವುದು ಪ್ರಸಿದ್ಧ ಪದ್ಧತಿ. ತಿಪ್ಪಮ್ಮ, ಗುಂಡಮ್ಮ, ಕಲ್ಲಮ್ಮ ಇವನ್ನು ಹಾಗೆ ವಿವರಿಸುವುದುಂಟು: ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡದ್ದರಿಂದ ತಿಪ್ಪಮ್ಮ, ಗುಂಡುಕಲ್ಲಿನಂತೆ ಉಳಿಯಲೆಂದು ಗುಂಡಮ್ಮ. ಆದರೆ ತಿಪ್ಪೇರುದ್ರಸ್ವಾಮಿಯ ಒಕ್ಕಲಿನಲ್ಲಿ ತಿಪ್ಪಮ್ಮ ದೇವರ ಹೆಸರು. ಸಾಕಮ್ಮನಿಗೂ ಎರಡು ವಿವರಣೆಗಳಿವೆ: ಹೆಣ್ಣುಮಕ್ಕಳು ಇನ್ನು ಸಾಕೆಂಬುದು, ಅಥವಾ ‘ಸಾಕು’ (ಸಲಹು) ಎಂಬ ಧಾತು. ಮೊದಲನೆಯದು ಹೆಚ್ಚು ಪ್ರಚಾರದಲ್ಲಿದೆ, ಪ್ರಚಾರ ಪ್ರಮಾಣವಲ್ಲ.

7.3. ಮುಚ್ಚಿದ ಹೆಸರು. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಟ್ಟಾಗ ಸೊಸೆ ಅತ್ತೆಯ ಹೆಸರು ಹಿಡಿದು ಕೂಗುವಂತಿಲ್ಲದ್ದರಿಂದ ಮಗು ಪುಟ್ಟಮ್ಮ, ಅಮ್ಮಣ್ಣಿ ಎಂದಾಗುತ್ತಿತ್ತು. ಕರೆಯುವ ಹೆಸರೇ ಶಾಲೆಯ ದಾಖಲೆಗೆ ಹೋಗಿ ಇಟ್ಟ ಹೆಸರು ಮರೆಯಾದ ಸಂದರ್ಭಗಳಲ್ಲಿ ದಾಖಲೆ ಮತ್ತು ಮನೆಯ ನೆನಪು ತಾಳೆಯಾಗುವುದಿಲ್ಲ.

8. ಬೇರೆ ಭಾಷೆಗಳಿಂದ ಬಂದವು

ಅರಕಲಗೂಡು, ಹೊಳೆನರಸೀಪುರ ಕಡೆಯ ಸಂಕೇತಿ ಸಮುದಾಯದ ವಲಸೆಯ ಐತಿಹ್ಯದಲ್ಲಿ ನಾಚಾರಮ್ಮನ ಹೆಸರು ಮುಖ್ಯ. ತಮಿಳಿನ ‘ನಾಚ್ಚಿಯಾರ್’ (ಒಡತಿ) ಎಂಬುದಕ್ಕೆ ಕನ್ನಡದ ‘ಅಮ್ಮ’ ಸೇರಿ ಈ ರೂಪ ಬಂದಿರುವ ಸಂಭವ ಹೆಚ್ಚು. ಗೌರವವಾಚಕದ ಮೇಲೆ ಇನ್ನೊಂದು ಗೌರವವಾಚಕ ಬಿದ್ದಿದೆ.

ಮುಸ್ಲಿಂ ಹೆಸರುಗಳಲ್ಲಿ ‘ಬಾನು’ ಪಾರಸಿ ಮೂಲದ್ದು. ಗೌರವಸ್ಥ ಹೆಂಗಸು ಎಂದು ಅರ್ಥ. ಹಾಸನದ ಲೇಖಕಿ ಬಾನು ಮುಷ್ತಾಕ್ (2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ) ಅವರ ಹೆಸರಿನಲ್ಲಿ ಅದು ಮೊದಲಿಗೆ ಬಂದಿದೆ. ಹೆಚ್ಚಿನ ಹೆಸರುಗಳಲ್ಲಿ ಕೊನೆಗೆ ಬರುತ್ತದೆ. ಕೊನೆಗೆ ಬಂದಾಗ ಅದರ ಕೆಲಸ ‘ಅಮ್ಮ’ದ ಕೆಲಸಕ್ಕೆ ಹತ್ತಿರ. ಕನ್ನಡದ ಬಾನು (ಆಕಾಶ), ಸಂಸ್ಕೃತದ ಭಾನು (ಸೂರ್ಯ) ಇವುಗಳೊಂದಿಗೆ ಇದಕ್ಕೆ ಸಂಬಂಧವಿಲ್ಲ.

9. ಇತ್ತೀಚಿನ ಸ್ತರ

ಜಾತಕದ ಕ್ರಮದಲ್ಲಿ ಹೆಸರಿನ ಮೊದಲ ಅಕ್ಷರವನ್ನು ಜನ್ಮನಕ್ಷತ್ರದ ಪಾದ ನಿರ್ಧರಿಸುತ್ತದೆ. ಅಶ್ವಿನಿಗೆ ಚು, ಚೇ, ಚೋ, ಲ. ರೋಹಿಣಿಗೆ ಓ, ವಾ, ವೀ, ವೂ. ಆರ್ದ್ರೆಯ ಕು, ಘ, ಙ, ಛ ಇವುಗಳಲ್ಲಿ ‘ಙ’, ಹಸ್ತದ ಪು, ಷ, ಣ, ಠ ಇವುಗಳಲ್ಲಿ ‘ಣ’ ಕನ್ನಡದಲ್ಲಿ ಪದದ ಮೊದಲಿಗೆ ಬರುವುದಿಲ್ಲ. ಅಂಥಲ್ಲಿ ಅದೇ ನಕ್ಷತ್ರದ ಬೇರೆ ಅಕ್ಷರವನ್ನು ಹಿಡಿಯುವುದು ಬಳಕೆ. ಇಲ್ಲಿ ಆಯ್ಕೆಗೆ ಮೊದಲ ಕಾರಣ ಅಕ್ಷರ. ಅರ್ಥವನ್ನು ಹುಡುಕುವುದು ಅನಂತರ. ಹೀಗೆ ಬಂದ ಹೆಸರುಗಳು ಬಹುಪಾಲು ಆಕಾರಾಂತ ಅಥವಾ ಇಕಾರಾಂತ ಸಂ‌ಸ್ಕೃತ ರೂಪಗಳು. ಅವಕ್ಕೆ ಪ್ರಕೃತಿ–ಅಂತ್ಯ ಎಂಬ ವಿಭಜನೆಯೂ, ಮನೆದೇವರಿಂದ ಬಂದ ಗಂಡುಜೋಡಿಯೂ ಸಾಮಾನ್ಯವಾಗಿ ಇರುವುದಿಲ್ಲ.

ಜನನ ಮರಣ ನೋಂದಣಿ ಕಾಯ್ದೆ, 1969ರ 14ನೇ ಪ್ರಕರಣ ಹೆಸರಿಲ್ಲದೆ ನೋಂದಾಯಿಸಿದ ಮಗುವಿನ ಹೆಸರನ್ನು ಆಮೇಲೆ ಸೇರಿಸಲು ಅವಕಾಶ ಕೊಡುತ್ತದೆ. ಆದ್ದರಿಂದ ನೋಂದಣಿಯ ದಿನಾಂಕ ಹೆಸರಿಟ್ಟ ದಿನಾಂಕವಲ್ಲ. 2023ರ ತಿದ್ದುಪಡಿ ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೇಲೆ ಹುಟ್ಟಿದವರಿಗೆ ಜನನ ಪ್ರಮಾಣಪತ್ರದ ರೂಪವೇ ಶಾಲೆ ಮೊದಲಾದೆಡೆ ಆಧಾರ. ಒಬ್ಬಳಿಗೇ ಲಕ್ಷ್ಮೀಮತಿ, ಲಕ್ಕಲೆ ಎಂಬಂಥ ಎರಡು ರೂಪಗಳು ದಾಖಲೆಯಲ್ಲಿ ಉಳಿಯುವ ಸಾಧ್ಯತೆ ಇನ್ನು ಕಡಿಮೆ.

10. ತೀರ್ಮಾನ

(ಅ) ಸ್ಥಿರವಾದ ಪ್ರಕೃತಿ, ಬದಲಾಗುವ ಗೌರವಸೂಚಕ ಅಂತ್ಯ, ಗಂಡುಹೆಸರಿನೊಂದಿಗೆ ಜೋಡಿ ಎಂಬ ಕ್ರಮ 12ನೇ ಶತಮಾನದ ಶಾಸನಗಳಿಗೂ ‘-ಅಮ್ಮ’ ಸ್ತರಕ್ಕೂ ಸಮಾನ. (ಆ) ಪ್ರಕೃತಿಗಳ ಮಟ್ಟದಲ್ಲಿ ಮುಂದುವರಿಕೆ ಅಲ್ಪ. (ಇ) ‘ಶಾಂತಲಾ’ದಂಥ ಹೆಸರು ಹಳೆಯದರ ಉಳಿಕೆಯಲ್ಲ, ಮರುಬಳಕೆ ಎಂದು ತೋರುತ್ತದೆ. (ಈ) ಹೆಸರಿನ ಪದಾರ್ಥದಿಂದ ಹೆಸರಿಟ್ಟ ಕಾರಣವನ್ನು ಊಹಿಸುವುದು, ಇಲ್ಲಿ ಪರಿಶೀಲಿಸಿದ ಹೆಚ್ಚಿನ ಉದಾಹರಣೆಗಳಲ್ಲಿ, ಸಮರ್ಥನೀಯವಲ್ಲ.

ಕೊನೆಯದು ಒಂದು ಕೋರಿಕೆ. ಈ ತಾಲ್ಲೂಕುಗಳ ಮನೆಗಳಲ್ಲಿ ಹಿರಿಯ ಹೆಂಗಸರ ಹೆಸರನ್ನು ಬರೆದಿಡುವವರು ತೊಟ್ಟಿಲ ಹೆಸರು, ಕರೆಯುವ ಹೆಸರು, ದಾಖಲೆಯ ಹೆಸರು ಮೂರನ್ನೂ ಬೇರೆ ಬೇರೆಯಾಗಿ ಬರೆಯಬೇಕು. ಮನೆದೇವರು ಯಾವುದು, ಹೆಸರಿಟ್ಟವರು ಯಾರು, ಕಾರಣವೇನೆಂದು ಹೇಳಿದವರು ಯಾರು ಎಂಬುದನ್ನೂ ಅದರ ಜೊತೆಗೆ ಗುರುತು ಹಾಕಬೇಕು.